ಮಣ್ಣಿನ ಮನೆ, ಮೊಮ್ಮಗಳ ಪಾಲು



ಮದ್ರಸದಲ್ಲಿ ಅರಬಿಯ ಮೊದಲ ಪಾಠಗಳನ್ನು ಕಲಿತವರಿಗೆ ಶಂಸಿ ಅಕ್ಷರಗಳ ನಿಯಮ ನೆನಪಿರಬಹುದು. ಬರೆಯುವಾಗ 'ಅಲ್' ಎಂದೇ ಬರೆಯುತ್ತೇವೆ. ಆದರೆ ಅದರ ಮುಂದೆ ಶಂಸಿ ಅಕ್ಷರ ಬಂದರೆ ಲಾಮ್ ಉಚ್ಚಾರದಲ್ಲಿ ಅಡಗಿ ಹೋಗುತ್ತದೆ. 'ಅಲ್ ಶಂಸ್' ಎನ್ನುವುದಿಲ್ಲ, 'ಅಶ್ಶಂಸ್' ಎನ್ನುತ್ತೇವೆ. ಹಾಗೆಯೇ 'ಅಲ್ ತೂಬ್' ಅಲ್ಲ, 'ಅತ್ತೂಬ್'. ತೂಬ್ ಎಂದರೆ ಇಟ್ಟಿಗೆ.

ಈ ಪುಟ್ಟ ಪದ ಮಾಡಿದಷ್ಟು ದೊಡ್ಡ ಪ್ರಯಾಣವನ್ನು ನಮ್ಮಲ್ಲಿ ಯಾರೂ ಮಾಡಿರಲಾರರು. ಮೂಲತಃ ಅದು ಪ್ರಾಚೀನ ಈಜಿಪ್ಟಿನದು. ನೈಲ್ ನದಿಯ ಕೆಸರಿನಿಂದ ಇಟ್ಟಿಗೆ ಮಾಡುತ್ತಿದ್ದವರ ಬಾಯಿಂದ ಅದು ಅರಬಿಗೆ ಬಂತು. ಅರಬರ ಜೊತೆ ಸ್ಪೇನಿಗೆ ಹೋಯಿತು. 711ರಿಂದ 1492ರವರೆಗೆ, ಹತ್ತಿರ ಹತ್ತಿರ ಎಂಟು ಶತಮಾನ ಆ ನಾಡಿನಲ್ಲಿ ಮುಸ್ಲಿಮರ ಆಳ್ವಿಕೆ ಒಂದಲ್ಲ ಒಂದು ಭಾಗದಲ್ಲಿ ಇತ್ತು. ಆಳಿದವರು ಹೋದರು, ಅವರ ಮಾತು ಉಳಿಯಿತು. 'ಅತ್ತೂಬ್' ಸ್ಪ್ಯಾನಿಷ್ ಬಾಯಿಯಲ್ಲಿ 'ಅದೋಬೆ' ಆಯಿತು. ಸ್ಪೇನಿನವರು ಅದನ್ನು ಹಡಗಿನಲ್ಲಿ ಮೆಕ್ಸಿಕೋಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಇಂಗ್ಲಿಷರು ಅದನ್ನು 'ಅಡೋಬಿ' ಎಂದರು. ನಿಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ಪಿಡಿಎಫ್ ಕಡತ ತೆರೆಯುವಾಗ ಕಾಣುವ ಅಡೋಬಿ ಎಂಬ ಹೆಸರೂ ಅದೇ. ಆ ಕಂಪೆನಿಯನ್ನು ಕಟ್ಟಿದವರಲ್ಲಿ ಒಬ್ಬರ ಮನೆಯ ಹಿಂದೆ ಆ ಹೆಸರಿನ ಹೊಳೆಯೊಂದು ಹರಿಯುತ್ತಿತ್ತು. ಅದನ್ನೇ ಕಂಪೆನಿಗೆ ಇಟ್ಟರು.

ಅಡೋಬಿ ಎಂದರೆ ಬಿಸಿಲಿನಲ್ಲಿ ಒಣಗಿಸಿದ, ಬೆಂಕಿಯಲ್ಲಿ ಸುಡದ ಮಣ್ಣಿನ ಇಟ್ಟಿಗೆ. ಅದರಿಂದ ಕಟ್ಟಿದ ಮನೆಗೂ ಅದೇ ಹೆಸರು. ಅಮೆರಿಕದ ಪಶ್ಚಿಮ ಕರಾವಳಿಯ ಮಾಂಟೆರೆ ಎಂಬ ಪಟ್ಟಣದಲ್ಲಿ ಅಂತಹ ಹಳೆಯ ಮನೆಗಳು ಇಂದಿಗೂ ಇವೆ. ಅವುಗಳಲ್ಲಿ ಒಂದರ ಕತೆಯನ್ನು ಈ ತಿಂಗಳು ನಿಮಗೆ ಹೇಳಬೇಕೆಂದಿದ್ದೇನೆ. ಕತೆ ಮಣ್ಣಿನ ಗೋಡೆಯಿಂದ ಆರಂಭವಾಗುತ್ತದೆ, ಹೆಣ್ಣಿನ ಪಾಲಿನಲ್ಲಿ ಮುಗಿಯುತ್ತದೆ.

ಒಂಟಿ ಕೈಯ ಕಪ್ತಾನ

ಮಾಂಟೆರೆ 1770ರಲ್ಲಿ ಸ್ಪೇನಿನವರು ನೆಲೆಯೂರಿದ ಊರು. ಒಂದು ಕೋಟೆ, ಒಂದು ಚರ್ಚು, ಎದುರಿಗೆ ಶಾಂತ ಸಾಗರದ ಕೊಲ್ಲಿ. ಬಹುಕಾಲ ಅದೇ ಕ್ಯಾಲಿಫೋರ್ನಿಯಾದ ರಾಜಧಾನಿ. 1821ರಲ್ಲಿ ಮೆಕ್ಸಿಕೋ ಸ್ಪೇನಿನಿಂದ ಸ್ವತಂತ್ರವಾದಾಗ ಈ ಊರೂ ಮೆಕ್ಸಿಕೋದ ಪಾಲಾಯಿತು. ಬಂದರು ವಿದೇಶಿ ಹಡಗುಗಳಿಗೆ ತೆರೆಯಿತು. ದನದ ಚರ್ಮ ಮತ್ತು ಕೊಬ್ಬನ್ನು ಕೊಂಡೊಯ್ಯಲು ಬಾಸ್ಟನ್ನಿನ ಹಡಗುಗಳು ಬರತೊಡಗಿದವು. ಬಂದ ಹಡಗು ಮೊದಲು ಮಾಂಟೆರೆಯ ಸುಂಕದ ಕಟ್ಟೆಯಲ್ಲಿ ತೆರಿಗೆ ಕಟ್ಟಬೇಕಿತ್ತು.

1823ರಲ್ಲಿ 'ರೋವರ್' ಎಂಬ ಹಡಗು ಬಂತು. ಅದರ ಕಪ್ತಾನ ಜಾನ್ ರೋಜರ್ಸ್ ಕೂಪರ್. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿರುವ ಆಲ್ಡರ್ನಿ ಎಂಬ ಸಣ್ಣ ದ್ವೀಪದಲ್ಲಿ 1791ರಲ್ಲಿ ಹುಟ್ಟಿದವನು. ಬಾಲ್ಯದಲ್ಲೇ ತಾಯಿಯ ಜೊತೆ ಅಮೆರಿಕ ಸೇರಿದವನು. ಅವನ ಒಂದು ಕೈ ಊನವಾಗಿತ್ತು. ಊರಿನ ಜನ ಅವನನ್ನು 'ಹುವಾನ್ ಎಲ್ ಮಾಂಕೊ' ಎಂದು ಕರೆದರು, ಅಂದರೆ ಕೈ ಊನವಾದ ಹುವಾನ್. ಅವನು ಹಡಗನ್ನು ಅಲ್ಲಿನ ರಾಜ್ಯಪಾಲನಿಗೆ ಮಾರಿ ಅಲ್ಲೇ ನೆಲೆಸಲು ಮನಸ್ಸು ಮಾಡಿದ. ಮೆಕ್ಸಿಕೋದ ಕಾನೂನಿನಂತೆ ಭೂಮಿ, ಪೌರತ್ವ ಬೇಕಾದರೆ ಕ್ಯಾಥೊಲಿಕ್ ಆಗಬೇಕಿತ್ತು. 1827ರಲ್ಲಿ ಅವನು ಕ್ಯಾಥೊಲಿಕ್ ಆದ. ಅದೇ ವರ್ಷ ಊರಿನ ಹೆಸರಾಂತ ಮನೆತನದ ಹುಡುಗಿ ಎನ್ಕಾರ್ನಾಸಿಯೋನ್ ವಯೆಹೊಳನ್ನು ಮದುವೆಯಾದ. ಅವಳಿಗೆ ಆಗ ಹದಿನೆಂಟರ ಹರೆಯ, ಅವನಿಗೆ ಮೂವತ್ತಾರು.

ಮದುವೆಯ ಆಸುಪಾಸಿನಲ್ಲೇ ಮನೆಯ ಕೆಲಸ ಆರಂಭವಾಯಿತು. ಕಲ್ಲಿನ ತಳಪಾಯ, ಅದರ ಮೇಲೆ ಅಡೋಬಿಯ ಗೋಡೆ.

ಮಣ್ಣು ತುಳಿದವರು

ಅಡೋಬಿ ಮಾಡುವುದು ಹೇಳಲು ಸುಲಭ, ಮಾಡಲು ಕಷ್ಟ. ಜೇಡಿ ಮತ್ತು ಮರಳು ಸರಿಯಾದ ಪ್ರಮಾಣದಲ್ಲಿರುವ ಮಣ್ಣನ್ನು ಅಗೆಯಬೇಕು. ಜೇಡಿ ಹೆಚ್ಚಾದರೆ ಒಣಗುವಾಗ ಬಿರುಕು ಬಿಡುತ್ತದೆ. ಮರಳು ಹೆಚ್ಚಾದರೆ ಪುಡಿಯಾಗುತ್ತದೆ. ನೀರು ಹಾಕಿ, ಒಣಹುಲ್ಲು ಸೇರಿಸಿ, ಕಾಲಿನಲ್ಲಿ ತುಳಿದು ಹದ ಮಾಡಬೇಕು. ಮರದ ಅಚ್ಚಿನಲ್ಲಿ ತುಂಬಿ, ಅಚ್ಚು ತೆಗೆದು, ಬಿಸಿಲಿಗೆ ಬಿಡಬೇಕು. ಕೆಲವು ದಿನಗಳ ನಂತರ ಮಗುಚಿ ನಿಲ್ಲಿಸಬೇಕು. ವಾರಗಟ್ಟಲೆ ಒಣಗಿದ ಮೇಲೆ ಇಟ್ಟಿಗೆ ಗೋಡೆಗೆ ಸಿದ್ಧ. ಕ್ಯಾಲಿಫೋರ್ನಿಯಾದ ಹಳೆಯ ಅಡೋಬಿ ನಾವು ಕಾಣುವ ಇಟ್ಟಿಗೆಯಂತೆ ಕೈಯಲ್ಲಿ ಹಿಡಿಯುವಂಥದ್ದಲ್ಲ. ಅದನ್ನು ಎತ್ತಲು ಎರಡೂ ಕೈ ಬೇಕು, ಸೊಂಟವೂ ಗಟ್ಟಿಯಿರಬೇಕು. ಗೋಡೆಯ ದಪ್ಪ ಎರಡು ಅಡಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಹಾಗಾಗಿ ಹಗಲಿನ ಬಿಸಿ ಒಳಗೆ ಬರುವುದು ನಿಧಾನ, ರಾತ್ರಿಯ ಚಳಿ ಬರುವುದೂ ನಿಧಾನ.

ಈ ಮಣ್ಣನ್ನು ತುಳಿದವರು ಯಾರು? ಮನೆಯ ದಾಖಲೆಗಳಲ್ಲಿ ಯಜಮಾನನ ಹೆಸರಿರುತ್ತದೆ, ತುಳಿದವರ ಹೆಸರಿರುವುದಿಲ್ಲ. ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಇಂತಹ ದುಡಿಮೆ ಹೆಚ್ಚಾಗಿ ಅಲ್ಲಿನ ಮೂಲನಿವಾಸಿಗಳದು. ಮಾಂಟೆರೆಯ ಸುತ್ತಮುತ್ತ ರುಮ್ಸೆನ್ ಮತ್ತು ಎಸೆಲೆನ್ ಎಂಬ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು. ಸ್ಪೇನಿನವರ ಚರ್ಚುಗಳು ಅವರನ್ನು ತಮ್ಮ ಆವರಣಕ್ಕೆ ಸೇರಿಸಿ ದುಡಿಸಿದವು. ಹೊಸ ರೋಗಗಳು ಅವರಲ್ಲಿ ಬಹಳ ಮಂದಿಯನ್ನು ಕೊಂದವು. 1830ರ ದಶಕದಲ್ಲಿ ಮೆಕ್ಸಿಕೋ ಸರಕಾರ ಚರ್ಚುಗಳ ಭೂಮಿಯನ್ನು ಬಿಡಿಸಿದಾಗ ಅದರಲ್ಲಿ ಒಂದು ಪಾಲು ಇವರಿಗೆ ಸೇರಬೇಕೆಂಬ ಮಾತಿತ್ತು. ಆದರೆ ಭೂಮಿಯ ಬಹುಭಾಗ ಪ್ರಭಾವಿಗಳ ಕೈ ಸೇರಿತು. ಪಾಲಿನ ಬಗ್ಗೆ ಮಾತಾಡುವ ಈ ಬರಹದಲ್ಲಿ ಈ ಸಂಗತಿಯನ್ನು ಮರೆತರೆ ಅನ್ಯಾಯವಾಗುತ್ತದೆ. ತಾವು ಕಟ್ಟಿದ ಗೋಡೆಯೊಳಗೆ ಅವರಿಗೆ ಪಾಲು ಸಿಗಲಿಲ್ಲ.

ಸಾಲ ಮತ್ತು ಕಡಲು

ಕೂಪರ್ ವ್ಯಾಪಾರಿ. ವ್ಯಾಪಾರವೆಂದ ಮೇಲೆ ಏರಿಳಿತ ಇದ್ದದ್ದೇ. 1830ರ ದಶಕದಲ್ಲಿ ಅವನು ಸಾಲದಲ್ಲಿ ಸಿಲುಕಿದ. ಮನೆಯ ಒಂದು ಭಾಗವನ್ನೇ ಮಾರಬೇಕಾಯಿತು. ಮಾರಿದ ಭಾಗದಲ್ಲಿ ಮುಂದೆ ಡಿಯಾಸ್ ಎಂಬ ವ್ಯಾಪಾರಿಯ ಕುಟುಂಬ ಬಂದು ನೆಲೆಸಿತು. ಗೋಡೆಗೆ ಗೋಡೆ ತಾಗಿದ ಎರಡು ಸಂಸಾರಗಳು.

ಬದುಕು ಸರಿಪಡಿಸಿಕೊಳ್ಳಲು ಕಪ್ತಾನ ಮತ್ತೆ ಕಡಲಿಗೆ ಇಳಿದ. 1839ರಿಂದ ಕೆಲವು ವರ್ಷ 'ಕ್ಯಾಲಿಫೋರ್ನಿಯಾ' ಎಂಬ ಸರಕಾರಿ ಹಡಗಿನ ಕಪ್ತಾನನಾಗಿದ್ದ. ಗಂಡ ಕಡಲಿನಲ್ಲಿರುವ ಮನೆಯ ಹೆಂಗಸಿನ ದಿನಚರಿ ಹೇಗಿರುತ್ತದೆಂದು ನಿಮ್ಮಲ್ಲಿ ಹಲವರಿಗೆ ನಾನು ವಿವರಿಸಬೇಕಾಗಿಲ್ಲ. ಗಂಡ ಗಲ್ಫಿನಲ್ಲಿದ್ದಾಗ ಮನೆ, ಮಕ್ಕಳು, ಸಾಲದವರು, ಸಂಬಂಧಿಕರು, ಎಲ್ಲರಿಗೂ ಉತ್ತರ ಹೇಳಬೇಕಾದವಳು ಒಬ್ಬಳೇ. ಎನ್ಕಾರ್ನಾಸಿಯೋನಳ ಕಾಲದಲ್ಲಿ ಫೋನೂ ಇರಲಿಲ್ಲ. ಕೊಲ್ಲಿಯಲ್ಲಿ ಹಡಗಿನ ಹಾಯಿ ಕಂಡರೆ ಮಾತ್ರ ಸುದ್ದಿ.

ಆದರೆ ಅವಳ ತವರು ಬಲವಾಗಿತ್ತು. ಅವಳ ಅಣ್ಣ ಮರಿಯಾನೊ ವಯೆಹೊ ಉತ್ತರದ ಸೇನಾಪತಿ. ಅಕ್ಕನ ಮಗ ಹುವಾನ್ ಅಲ್ವರಾಡೊ 1836ರಿಂದ 1842ರವರೆಗೆ ಕ್ಯಾಲಿಫೋರ್ನಿಯಾದ ರಾಜ್ಯಪಾಲ. ಇದೇ ಅಲ್ವರಾಡೊನಿಂದ 1840ರಲ್ಲಿ ಭೂಮಿಯ ವಿನಿಮಯವಾಗಿ ಕೂಪರನಿಗೆ ಮಾಂಟೆರೆಯ ದಕ್ಷಿಣಕ್ಕೆ ಕಡಲ ಬದಿಯಲ್ಲಿ ಸುಮಾರು 8,900 ಎಕರೆಯ ಜಾಗ ದೊರೆಯಿತು. ಸ್ಪ್ಯಾನಿಷಿನಲ್ಲಿ 'ಎಲ್ ಸುರ್' ಎಂದರೆ ದಕ್ಷಿಣ. ಇಂದು ಪ್ರವಾಸಿಗರು 'ಬಿಗ್ ಸರ್' ಎಂದು ಕರೆಯುವ ಸುಂದರ ಕರಾವಳಿಯ ಒಂದು ತುಂಡು ಅದು.

ಬೀದಿಯಾಚೆಯ ಇನ್ನೊಂದು ಮನೆ

ಕೂಪರನಿಗೆ ತಾಯಿಯ ಎರಡನೇ ಮದುವೆಯಿಂದ ಹುಟ್ಟಿದ ತಮ್ಮನೊಬ್ಬನಿದ್ದ. ಹೆಸರು ಥಾಮಸ್ ಲಾರ್ಕಿನ್. 1832ರಲ್ಲಿ ಅವನೂ ಅಣ್ಣನನ್ನು ಹುಡುಕಿಕೊಂಡು ಮಾಂಟೆರೆಗೆ ಬಂದ. ಅದೇ ಹಡಗಿನಲ್ಲಿ ರೇಚಲ್ ಎಂಬ ಹೆಣ್ಣುಮಗಳೂ ಇದ್ದಳು. ಕಡಲ ವ್ಯಾಪಾರದಲ್ಲಿದ್ದ ಗಂಡನನ್ನು ಸೇರಲು ಹೊರಟವಳಿಗೆ ಗಂಡ ಸಮುದ್ರಯಾನದಲ್ಲೇ ತೀರಿಕೊಂಡ ಸುದ್ದಿ ಸಿಕ್ಕಿತು. ಪರದೇಶದಲ್ಲಿ ವಿಧವೆಯಾಗಿ ನಿಂತ ಅವಳನ್ನು ಲಾರ್ಕಿನ್ 1833ರಲ್ಲಿ ಮದುವೆಯಾದ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೊದಲ ಅಮೆರಿಕನ್ ಮಹಿಳೆ ಎಂದು ಅವಳನ್ನು ಗುರುತಿಸಲಾಗುತ್ತದೆ.

ಲಾರ್ಕಿನ್ 1835ರ ಸುಮಾರಿಗೆ ಅಣ್ಣನ ಮನೆಯ ಹತ್ತಿರದಲ್ಲೇ ತನ್ನ ಮನೆ ಕಟ್ಟಿಸಿದ. ಗೋಡೆ ಸ್ಥಳೀಯ ಅಡೋಬಿಯದು, ಆದರೆ ಒಳಗೆ ಕೆಂಪು ಮರದ ಚೌಕಟ್ಟು. ಆ ಚೌಕಟ್ಟಿನ ಬಲದಿಂದ ಮಹಡಿ ಏರಿಸಲು ಸಾಧ್ಯವಾಯಿತು. ಸುತ್ತಲೂ ಜಗಲಿ, ಮೇಲೂ ಜಗಲಿ, ಅದರ ಮೇಲೆ ಮುಂದಕ್ಕೆ ಚಾಚಿದ ಇಳಿಜಾರು ಮಾಡು. ಜಗಲಿ ಅಂದಕ್ಕೆ ಮಾತ್ರವಲ್ಲ, ಮಳೆನೀರು ಮಣ್ಣಿನ ಗೋಡೆಗೆ ರಾಚದಂತೆ ತಡೆಯುವುದಕ್ಕೂ ಹೌದು. ನೋಡಿದವರು ಮೆಚ್ಚಿದರು, ಅನುಸರಿಸಿದರು. ಆ ಶೈಲಿಗೆ ಮಾಂಟೆರೆಯ ಹೆಸರೇ ಬಂತು. ಕೂಪರನ ಮನೆಗೂ 1850ರ ದಶಕದಲ್ಲಿ ಮಹಡಿ ಏರಿತು.

ಈ ಎರಡು ಮನೆಗಳ ಕಣ್ಣೆದುರೇ ಚರಿತ್ರೆ ಮಗ್ಗುಲು ಬದಲಾಯಿಸಿತು. 1842ರ ಅಕ್ಟೋಬರಿನಲ್ಲಿ ಒಂದು ವಿಚಿತ್ರ ನಡೆಯಿತು. ಅಮೆರಿಕದ ನೌಕಾಧಿಕಾರಿಯೊಬ್ಬ ಮೆಕ್ಸಿಕೋ ಜೊತೆ ಯುದ್ಧ ಆರಂಭವಾಗಿದೆ ಎಂದು ತಪ್ಪು ತಿಳಿದು ಮಾಂಟೆರೆಯನ್ನು ವಶಪಡಿಸಿಕೊಂಡ. ಯುದ್ಧವೇ ಇಲ್ಲವೆಂದು ಗೊತ್ತಾದಾಗ ಮರುದಿನ ಬಾವುಟ ಇಳಿಸಿ ಕ್ಷಮೆ ಕೇಳಿ ಹಡಗು ಹತ್ತಿದ! ನಾಲ್ಕು ವರ್ಷಗಳ ನಂತರ ಯುದ್ಧ ನಿಜವಾಗಿಯೂ ಬಂತು. 1846ರ ಜುಲೈ 7ರಂದು ಸುಂಕದ ಕಟ್ಟೆಯ ಮೇಲೆ ಅಮೆರಿಕದ ಬಾವುಟ ಏರಿತು. ಈ ಸಲ ಇಳಿಯಲಿಲ್ಲ. ಆಗ ಲಾರ್ಕಿನ್ ಅಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿ. ಅವನ ಮನೆಯೇ ಕಚೇರಿ.

ಖಾಜಿಯ ಹೆಸರು, ಹೆಣ್ಣಿನ ಹಕ್ಕು

ಸಹೋದರಿಯರೇ, ಇನ್ನು ಕತೆಯ ಮುಖ್ಯ ಭಾಗಕ್ಕೆ ಬರೋಣ.

ಸ್ಪ್ಯಾನಿಷ್ ಪಟ್ಟಣಗಳಲ್ಲಿ ನ್ಯಾಯ ತೀರ್ಮಾನ ಮಾಡುವ ಮುಖ್ಯಸ್ಥನನ್ನು 'ಅಲ್ಕಾಲ್ದೆ' ಎನ್ನುತ್ತಿದ್ದರು. ಈ ಪದವೂ ನಮಗೆ ಪರಿಚಿತವೇ. ಅದು ಅರಬಿಯ 'ಅಲ್ ಖಾಳಿ', ನಮ್ಮ ಖಾಜಿ. ಅಮೆರಿಕದವರು ಬಂದ ಮೇಲೂ ಕೆಲ ಕಾಲ ಆ ಹುದ್ದೆ ಅದೇ ಹೆಸರಿನಲ್ಲಿ ಮುಂದುವರಿಯಿತು. ಮಾಂಟೆರೆಯ ಮೊದಲ ಅಮೆರಿಕನ್ ಅಲ್ಕಾಲ್ದೆ ವಾಲ್ಟರ್ ಕೋಲ್ಟನ್. ಅವನು ಊರಿಗೊಂದು ಕಲ್ಲಿನ ಸಭಾಭವನ ಕಟ್ಟಿಸಿದ. ಅದರ ಮಹಡಿಯಲ್ಲಿ 1849ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ 48 ಪ್ರತಿನಿಧಿಗಳು ಸೇರಿ ಕ್ಯಾಲಿಫೋರ್ನಿಯಾದ ಸಂವಿಧಾನವನ್ನು ಬರೆದರು. ಅವರಲ್ಲಿ ಎನ್ಕಾರ್ನಾಸಿಯೋನಳ ಅಣ್ಣ ಮರಿಯಾನೊ ವಯೆಹೊ ಇದ್ದ. ಅವಳ ಮೈದುನ ಲಾರ್ಕಿನ್ ಕೂಡ ಇದ್ದ.

ಅಲ್ಲಿ ಒಂದು ಪ್ರಶ್ನೆ ಎದ್ದಿತು. ಮದುವೆಯಾದ ಹೆಣ್ಣಿನ ಆಸ್ತಿ ಯಾರದು?

ಬಂದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಕಾನೂನಿನಲ್ಲಿ ಬೆಳೆದವರು. ಆ ಕಾನೂನಿನಂತೆ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಅವಳ ಹಣ, ಒಡವೆ, ಸಾಮಾನು ಗಂಡನದಾಗುತ್ತಿತ್ತು. ಅವಳ ಭೂಮಿಯ ಆಡಳಿತವೂ ಅವನ ಕೈಗೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಈ ಸ್ಥಿತಿ ಬದಲಾಗಲು 1870 ಮತ್ತು 1882ರ ಕಾಯಿದೆಗಳವರೆಗೆ ಕಾಯಬೇಕಾಯಿತು. ಆದರೆ ಸ್ಪೇನ್ ಮತ್ತು ಮೆಕ್ಸಿಕೋದ ಕಾನೂನು ಬೇರೆ. ಅಲ್ಲಿ ಮದುವೆಗೆ ಮೊದಲು ಅವಳದಾಗಿದ್ದ ಆಸ್ತಿ, ಮದುವೆಯ ನಂತರ ತವರಿನಿಂದ ವಾರೀಸಾಗಿಯೋ ಉಡುಗೊರೆಯಾಗಿಯೋ ಬಂದ ಆಸ್ತಿ ಅವಳದೇ. ಮದುವೆಯ ನಂತರ ಇಬ್ಬರೂ ಸೇರಿ ಗಳಿಸಿದ್ದರಲ್ಲಿಯೂ ಅವಳಿಗೆ ಪಾಲಿತ್ತು. ಎನ್ಕಾರ್ನಾಸಿಯೋನಳಂತಹ ಮಾಂಟೆರೆಯ ಹೆಂಗಸರು ಅದೇ ಕಾನೂನಿನಡಿ ಮದುವೆಯಾದವರು.

ಸಭೆಯಲ್ಲಿ ವಾದ ನಡೆಯಿತು. ಹೆಂಡತಿಗೆ ಬೇರೆ ಆಸ್ತಿ ಕೊಟ್ಟರೆ ಸಂಸಾರ ಒಡೆಯುತ್ತದೆ, ಗಂಡ ಹೆಂಡಿರ ನಡುವೆ ಬಿರುಕು ಮೂಡುತ್ತದೆ, ಹೆಣ್ಣನ್ನು ನೋಡಿಕೊಳ್ಳಲು ಗಂಡನ ಪ್ರೀತಿಯೇ ಸಾಕು ಎಂದು ಕೆಲವರು ವಿರೋಧಿಸಿದರು. ಹೆನ್ರಿ ಹ್ಯಾಲೆಕ್ ಎಂಬ ಅವಿವಾಹಿತ ಸೇನಾಧಿಕಾರಿ ಎದ್ದು ಇದನ್ನು ಬೆಂಬಲಿಸಿದ. ಇಂತಹ ಕಾನೂನು ಇದ್ದರೆ ಆಸ್ತಿಯುಳ್ಳ ಹೆಣ್ಣುಮಕ್ಕಳು ಈ ಕಡೆಗೆ ಬಂದಾರು, ಮದುವೆಯಾಗದ ಗಂಡಸರೆಲ್ಲ ಇದಕ್ಕೆ ಮತ ಹಾಕಿ ಎಂಬ ಅರ್ಥದಲ್ಲಿ ತಮಾಷೆ ಮಾಡಿದ. ತಮಾಷೆಯ ಹಿಂದೆ ಗಂಭೀರ ವಿಷಯವೂ ಇತ್ತು. ಇಲ್ಲಿನ ಹೆಂಗಸರಿಗೆ ಈಗಾಗಲೇ ಇರುವ ಹಕ್ಕನ್ನು ಹೊಸ ಸರಕಾರ ಬಂದು ಕಸಿದುಕೊಳ್ಳುವುದು ಸರಿಯೇ? ಕೊನೆಗೆ ಆ ವಿಧಿ ಅಂಗೀಕಾರವಾಯಿತು. ಮದುವೆಯಾದ ಹೆಣ್ಣಿನ ಸ್ವಂತ ಆಸ್ತಿ ಅವಳದೇ ಎಂದು ಸಂವಿಧಾನದಲ್ಲೇ ಬರೆಯಲಾಯಿತು. 1849ರ ಅಕ್ಟೋಬರ್ 13ರಂದು ಸಹಿ ಬಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ ಅಮೆರಿಕದ 31ನೇ ರಾಜ್ಯವಾಯಿತು.

ಆ ಸಂವಿಧಾನ ಎಲ್ಲರಿಗೂ ನ್ಯಾಯ ಕೊಟ್ಟಿತೆಂದು ತಿಳಿಯಬೇಡಿ. ಮತದಾನ ಗಂಡಸರಿಗೆ ಮಾತ್ರ, ಅದರಲ್ಲೂ ಬಿಳಿಯರಿಗೆ ಮಾತ್ರ ಎಂದು ಅದೇ ಸಂವಿಧಾನ ಹೇಳಿತು. ಕ್ಯಾಲಿಫೋರ್ನಿಯಾದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1911ರಲ್ಲಿ. ಹಳೆಯ ಸ್ಪ್ಯಾನಿಷ್ ಮನೆತನಗಳಿಗೂ ನೆಮ್ಮದಿ ಇರಲಿಲ್ಲ. 1851ರ ಭೂ ಕಾಯಿದೆಯಂತೆ ಪ್ರತಿಯೊಬ್ಬರೂ ತಮ್ಮ ಜಾಗ ತಮ್ಮದೇ ಎಂದು ಸಾಬೀತುಪಡಿಸಬೇಕಾಯಿತು. ಒಂದು ದಾವೆ ಮುಗಿಯಲು ಸರಾಸರಿ 17 ವರ್ಷ. ವಕೀಲರ ಖರ್ಚು, ಬಡ್ಡಿ ಸಾಲ, ಅತಿಕ್ರಮಣದಲ್ಲಿ ಎಷ್ಟೋ ಮನೆತನಗಳು ಮುಳುಗಿದವು. ಒಂದು ಕಾಲದಲ್ಲಿ ಅಪಾರ ಭೂಮಿಯ ಒಡೆಯನಾಗಿದ್ದ ಮರಿಯಾನೊ ವಯೆಹೊ 1890ರಲ್ಲಿ ತೀರಿಕೊಳ್ಳುವಾಗ ಅವನ ಬಳಿ ಉಳಿದದ್ದು ಅಲ್ಪ.

ಅಣ್ಣನ ಭೂಮಿ ಹೋಯಿತು. ತಂಗಿಯ ಮನೆ ಉಳಿಯಿತು.

ಬೀಗ ಯಾರ ಕೈಯಲ್ಲಿ?

1860ರ ದಶಕದ ನಡುವಿನಲ್ಲಿ ಕೂಪರ್ ಕುಟುಂಬ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಚಿನ್ನದ ಸುದ್ದಿ ಹರಡಿದ ಮೇಲೆ ಜನ, ಹಣ, ವ್ಯಾಪಾರವೆಲ್ಲ ಆ ಕಡೆಗೆ ಹರಿದಿತ್ತು. ರಾಜಧಾನಿಯೂ ಕೈಬಿಟ್ಟಿದ್ದರಿಂದ ಮಾಂಟೆರೆ ಸೊರಗಿ ಮಲಗಿತು. ಮಣ್ಣಿನ ಮನೆಗಳು ಒಂದೊಂದಾಗಿ ಮಣ್ಣಿಗೆ ಸೇರತೊಡಗಿದವು.

ಮಣ್ಣಿನ ಮನೆಯ ಸ್ವಭಾವವೇ ಹಾಗೆ. ಅದಕ್ಕೆ ಮನುಷ್ಯರ ಕೈ ಬೇಕು. ಮಾಡಿನ ಒಂದು ಹೆಂಚು ಸರಿದರೂ ಆ ದಾರಿಯಿಂದ ಇಳಿದ ನೀರು ಗೋಡೆಯ ತಲೆಯನ್ನು ಕರಗಿಸುತ್ತದೆ. ಬುಡದಲ್ಲಿ ನೀರು ನಿಂತರೆ ತೇವ ಮೇಲೇರಿ ಕಾಲನ್ನು ತಿನ್ನುತ್ತದೆ. ಪ್ರತಿ ಕೆಲವು ವರ್ಷಗಳಿಗೊಮ್ಮೆ ಮಣ್ಣಿನ ಗಿಲಾವು ಹಚ್ಚಿ ಸುಣ್ಣ ಬಳಿಯಬೇಕು. ಇಪ್ಪತ್ತನೇ ಶತಮಾನದಲ್ಲಿ ಹಲವರು ಗಟ್ಟಿಯಾಗಲಿ ಎಂದು ಇಂತಹ ಗೋಡೆಗಳಿಗೆ ಸಿಮೆಂಟ್ ಬಳಿದರು. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಯಿತು. ಸುಣ್ಣ ಮತ್ತು ಮಣ್ಣಿನ ಮೂಲಕ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಹೊರಗಿನಿಂದ ಗೋಡೆ ನಯವಾಗಿ ಕಾಣುತ್ತಿರುವಾಗಲೇ ಒಳಗಿನ ಇಟ್ಟಿಗೆ ಮತ್ತೆ ಕೆಸರಾಗುತ್ತಿರುತ್ತದೆ. ನಿಮ್ಮ ಅಜ್ಜಿಯ ಕಾಲದ ಮಣ್ಣಿನ ಗೋಡೆಯ ಮನೆ ಇನ್ನೂ ಉಳಿದಿದ್ದರೆ ಸಿಮೆಂಟ್ ಬಳಿಸುವ ಮೊದಲು ತಿಳಿದವರನ್ನು ಒಮ್ಮೆ ಕೇಳಿ.

ಕಪ್ತಾನ ಕೂಪರ್ 1872ರಲ್ಲಿ ತೀರಿಕೊಂಡ. ಎನ್ಕಾರ್ನಾಸಿಯೋನ್ ಅವನ ನಂತರ ಮೂವತ್ತು ವರ್ಷ ಬದುಕಿ 1902ರಲ್ಲಿ, ತೊಂಬತ್ತು ದಾಟಿದ ಮೇಲೆ ಕಣ್ಣು ಮುಚ್ಚಿದಳು. ದೂರದ ನಗರದಲ್ಲಿದ್ದರೂ, ಬೆಲೆ ಬಿದ್ದ ಊರಿನಲ್ಲಿದ್ದ ಆ ಮಣ್ಣಿನ ಮನೆ ಕುಟುಂಬದ ಕೈಬಿಟ್ಟು ಹೋಗಲಿಲ್ಲ. ಅವಳ ಮಗಳು ಅಮೇಲಿಯಾ ಸ್ಪೇನಿನಿಂದ ಬಂದ ಎಂಜಿನಿಯರ್ ಎವುಸೇಬಿಯೊ ಮೊಲೆರಾನನ್ನು ಮದುವೆಯಾಗಿದ್ದಳು. ಅಮೇಲಿಯಾಳಿಗೆ ಇಬ್ಬರು ಮಕ್ಕಳು, ಆಂಡ್ರ್ಯೂ ಮತ್ತು ಫ್ರಾನ್ಸೆಸ್. ಆಂಡ್ರ್ಯೂ 1931ರಲ್ಲಿ ತೀರಿಕೊಂಡ. ಉಳಿದವಳು ಮೊಮ್ಮಗಳು ಫ್ರಾನ್ಸೆಸ್ ಮೊಲೆರಾ.

ಆ ಹೊತ್ತಿಗೆ ಮಾಂಟೆರೆ ಮತ್ತೆ ಬೆಳೆದಿತ್ತು. ಊರಿನ ನಟ್ಟನಡುವೆ, ತೋಟ ಕೊಟ್ಟಿಗೆ ಸಹಿತ ಎರಡೂವರೆ ಎಕರೆಯಷ್ಟು ಜಾಗ. ಅಂಗಡಿ ಮಳಿಗೆ ಕಟ್ಟಲು ಹೇಳಿ ಮಾಡಿಸಿದಂತಿತ್ತು. ಮಾರಿದ್ದರೆ ಕೈತುಂಬ ಹಣ. ಫ್ರಾನ್ಸೆಸ್ ಮಾರಲಿಲ್ಲ. 1968ರಲ್ಲಿ ಅವಳು ತೀರಿಕೊಂಡಾಗ ವೀಲುನಾಮೆಯ ಮೂಲಕ ಅಜ್ಜಿಯ ಮನೆಯನ್ನು ಅಮೆರಿಕದ ಚಾರಿತ್ರಿಕ ಕಟ್ಟಡಗಳನ್ನು ರಕ್ಷಿಸುವ ರಾಷ್ಟ್ರೀಯ ಟ್ರಸ್ಟಿಗೆ ಕೊಟ್ಟಳು. ಅದಕ್ಕೂ ಮೊದಲೇ ಬಿಗ್ ಸರ್‌ನ ಕಡಲ ಬದಿಯ ಜಾಗ ನಿಸರ್ಗ ರಕ್ಷಣೆಗೆ ಸೇರುವಂತೆ ಮಾಡಿದ್ದಳು. ಇಂದು ಅದು ತಮ್ಮ ಪಾದಗಳಿಂದ ನಡೆದು ನೋಡಬಹುದಾದ ಸರಕಾರಿ ಉದ್ಯಾನ. ಅವಳ ಸಹೋದರ ಆಂಡ್ರ್ಯೂ ಮೊಲೆರಾನ ಹೆಸರಿನಲ್ಲಿದೆ.

ಮನೆ ಈಗ ಕೂಪರ್ ಮೊಲೆರಾ ಅಡೋಬಿ ಎಂಬ ಹೆಸರಿನಿಂದ ನಿಂತಿದೆ. ಸಾಲಕ್ಕೆ ಮಾರಿದ್ದ ಡಿಯಾಸ್ ಭಾಗವೂ ಅದೇ ಆವರಣದೊಳಗಿದೆ. 2018ರಲ್ಲಿ ಹೊಸ ವ್ಯವಸ್ಥೆಯೊಂದಿಗೆ ಅದು ಮತ್ತೆ ತೆರೆಯಿತು. ಒಂದು ಭಾಗ ಮ್ಯೂಸಿಯಂ. ಕೊಟ್ಟಿಗೆಗಳಲ್ಲಿ ಸಮಾರಂಭಗಳು ನಡೆಯುತ್ತವೆ. ಬೇಕರಿ, ಭೋಜನಶಾಲೆಗಳಿಗೂ ಜಾಗ ಕೊಟ್ಟರು. ಸಂಪಾದನೆಯಿಂದ ಮನೆಯ ಆರೈಕೆ ನಡೆಯಲಿ ಎಂಬುದು ಲೆಕ್ಕಾಚಾರ. ಬರೀ ಬೀಗ ಹಾಕಿ ಇಟ್ಟರೆ ಮಣ್ಣಿನ ಮನೆ ಉಳಿಯುವುದಿಲ್ಲ.

ಬೀದಿಯಾಚೆಯ ತಮ್ಮನ ಮನೆ ಏನಾಯಿತು? ಲಾರ್ಕಿನ್ ಅದನ್ನು 1850ರಲ್ಲೇ ಬೇರೆಯವರಿಗೆ ಕೊಟ್ಟು ಊರು ಬಿಟ್ಟಿದ್ದ. 1858ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಮನೆ ಕೈಯಿಂದ ಕೈಗೆ ಹೋಯಿತು. ಎಪ್ಪತ್ತೆರಡು ವರ್ಷಗಳ ನಂತರ, 1922ರಲ್ಲಿ, ಒಬ್ಬ ಹೆಂಗಸು ಬಂದು ಅದನ್ನು ಕೊಂಡುಕೊಂಡಳು. ಹೆಸರು ಆಲಿಸ್ ಲಾರ್ಕಿನ್ ಟೌಲ್ಮಿನ್. ಥಾಮಸ್ ಮತ್ತು ರೇಚಲ್‌ರ ಮೊಮ್ಮಗಳು. ಅಜ್ಜನ ಮನೆಯಲ್ಲಿ ವಾಸವಾಗಿದ್ದು, ಹಳೆಯ ಪೀಠೋಪಕರಣಗಳಿಂದ ಅದನ್ನು ಅಲಂಕರಿಸಿ, 1957ರಲ್ಲಿ ಎಲ್ಲವನ್ನೂ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ದಾನವಾಗಿ ಬಿಟ್ಟುಕೊಟ್ಟಳು.

ಅಣ್ಣ ತಮ್ಮ ಕಟ್ಟಿಸಿದ ಎರಡು ಮನೆಗಳು. ಒಂದನ್ನು ಮೊಮ್ಮಗಳು ವಾರೀಸಾಗಿ ಪಡೆದು ಉಳಿಸಿದಳು. ಇನ್ನೊಂದನ್ನು ಮೊಮ್ಮಗಳು ಹಣ ಕೊಟ್ಟು ಮರಳಿ ಪಡೆದು ಉಳಿಸಿದಳು.

ನಮ್ಮ ಜಗಲಿಗೆ ಬಂದು

ಸಹೋದರಿಯರೇ, ಈ ಇಬ್ಬರೂ ಸ್ಥಿತಿವಂತ ಹೆಂಗಸರು. ಎಲ್ಲರಿಗೂ ಮನೆ ಕೊಳ್ಳಲು, ದಾನ ಮಾಡಲು ಸಾಧ್ಯವಿಲ್ಲ, ನಿಜ. ಆದರೆ ಒಂದು ಸಂಗತಿಯನ್ನು ಗಮನಿಸಿ. ಅವರ ಬಳಿ ಹಕ್ಕು ಇತ್ತು. ಇದು ನನ್ನದು ಎಂದು ಹೇಳುವ ಕಾಗದ ಇತ್ತು. ಕಾಗದ ಇದ್ದದ್ದರಿಂದಲೇ ಮಾರುವುದಿಲ್ಲ ಎಂದು ಹೇಳಲು ಸಾಧ್ಯವಾಯಿತು. ಪಾಲಿಲ್ಲದವಳು ಎಷ್ಟೇ ಪ್ರೀತಿಸಿದರೂ ಮನೆ ಉರುಳುವಾಗ ಅಂಗಳದಲ್ಲಿ ನಿಂತು ಕಣ್ಣೀರು ಹಾಕಬಹುದು, ಅಷ್ಟೆ. ಆ ಮನೆಯ ಮಣ್ಣು ತುಳಿದ ಮೂಲನಿವಾಸಿಗಳ ಪಾಡನ್ನು ಮತ್ತೊಮ್ಮೆ ನೆನೆಸಿಕೊಳ್ಳಿ.

1849ರ ಆ ಸಭೆಯಲ್ಲಿ ವಿರೋಧಿಸಿದವರು ಹೇಳಿದ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಹೆಣ್ಣಿಗೆ ಪಾಲು ಕೊಟ್ಟರೆ ಸಂಸಾರ ಒಡೆಯುತ್ತದೆ! ನಮ್ಮಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಮದುವೆಗೆ ಖರ್ಚು ಮಾಡಿದ್ದೇವಲ್ಲ, ಅಣ್ಣನ ಪ್ರೀತಿಗಿಂತ ಮೂರು ಸೆಂಟ್ಸ್ ಜಾಗ ದೊಡ್ಡದೇ? ಹೀಗೆ ಕೇಳಿದಾಗ ಯಾವ ತಂಗಿ ತಾನೇ ಬಾಯಿ ತೆರೆದಾಳು? ಬರೆದುಕೊಟ್ಟ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ, ಸಹಿ ಹಾಕುತ್ತಾಳೆ. ಇಂಗ್ಲೆಂಡಿನ ಹೆಂಗಸರು 1882ರವರೆಗೆ ಕಾದು ಪಡೆದ ಹಕ್ಕು ನಮಗೆ ಸೂರಃ ಅನ್ನಿಸಾದಲ್ಲಿಯೇ ಬಂದಿದೆ. ಅದನ್ನು ಪಾರಾಯಣ ಮಾಡಿದ ನಾಲಿಗೆಯಿಂದಲೇ 'ಬೇಡ ಬಿಡಿ' ಎಂದು ಹೇಳಿಸುವುದು ಎಂತಹ ನ್ಯಾಯ?

ಮನಸ್ಸಾರೆ ಬಿಟ್ಟುಕೊಡುವುದು ಬೇರೆ. ಫ್ರಾನ್ಸೆಸ್ ಮತ್ತು ಆಲಿಸ್ ಕೂಡ ಕೊನೆಗೆ ಬಿಟ್ಟೇ ಕೊಟ್ಟರು. ಆದರೆ ಮೊದಲು ಅದು ಅವರ ಕೈಯಲ್ಲಿತ್ತು. ಕೈಯಲ್ಲಿ ಇಲ್ಲದ್ದನ್ನು ಬಿಟ್ಟುಕೊಡುವುದಕ್ಕೆ ದಾನ ಎನ್ನುವುದಿಲ್ಲ.

ನಿಮ್ಮಲ್ಲಿ ಕೆಲವರು ಅಣ್ಣಂದಿರ ತಾಯಂದಿರು, ಕೆಲವರು ಅತ್ತೆಯರು. ಮನೆಯಲ್ಲಿ ಪಾಲಿನ ಮಾತು ಬಂದಾಗ ನಿಮ್ಮ ಒಂದು ಮಾತಿಗೆ ತೂಕವಿದೆ. ಮಗಳ ಹೆಸರನ್ನೂ ಕಾಗದದಲ್ಲಿ ಬರೆಸಿ ಎಂದು ಹೇಳಿ. ಅವಳ ಪಾಲು ಎಷ್ಟೆಂದು ಮೊದಲು ಅವಳಿಗೆ ತಿಳಿಸಿ, ಆಮೇಲೆ ಅವಳ ತೀರ್ಮಾನ ಕೇಳಿ. ನಾಳೆ ಮಾಡಿನ ಹೆಂಚು ಸರಿದಾಗ, ಏಣಿ ತರಿಸಿ ಅದನ್ನು ಸರಿಪಡಿಸುವವಳು ಅವಳೇ ಆಗಿರಬಹುದು.